ಮೂರನೇ ಕ್ಲಾಸಿನ ಐದು ತಿಂಗಳು

ಕಳಸದ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ ಹದಿನೇಳು ಮಕ್ಕಳು, ಇಬ್ಬರು ಟೀಚರು. ಹಿರಿಯರಿಗೆ ಮುಖ್ಯ ಶಿಕ್ಷಕಿಯ ಹೊಣೆಯೂ ಇದೆ, ಬಿಸಿಯೂಟದ ಲೆಕ್ಕವೂ ಇದೆ. ಐದನೇ ಕ್ಲಾಸಿನಲ್ಲಿ ನಾಲ್ವರು. ಆ ನಾಲ್ವರಲ್ಲಿ ಒಬ್ಬಳು ಕಾಫಿ ತೋಟದ ಕೂಲಿಕಾರರ ಲೈನ್ ಮನೆಯ ಹುಡುಗಿ.

ಇದು ಯಾವುದೋ ಒಂದು ಶಾಲೆಯ ವರದಿಯಲ್ಲ. ನವೋದಯ ಪ್ರವೇಶದ ನಿಯಮಗಳನ್ನೂ ಮೂಡಿಗೆರೆ–ಕಳಸದ ತೋಟಗಳ ಬದುಕನ್ನೂ ಎದುರುಬದುರು ಇಟ್ಟುಕೊಂಡು ನಾನು ಕಟ್ಟಿದ ಪ್ರಕರಣ. ಮನುಷ್ಯರು ಕಲ್ಪಿತರು, ನಿಯಮಗಳು ನಿಜ.

ಹುಡುಗಿಯ ತಲೆ ಎಂಥದ್ದು ಎಂದು ಹಿರಿಯ ಟೀಚರಿಗೆ ಗೊತ್ತಾದದ್ದು ತರಗತಿಯಲ್ಲಲ್ಲ, ಕೊಯ್ಲಿನ ಕಾಲದ ಒಂದು ಸಂಜೆ. ಕುಯ್ದ ಹಣ್ಣಿನ ಚೀಲಗಳನ್ನು ಹೊತ್ತು ಹೆಂಗಸರು ತೂಕಕ್ಕೆ ಸಾಲು ನಿಂತಿದ್ದರು. ತಕ್ಕಡಿಯ ಕೊಕ್ಕೆಗೆ ಚೀಲ ನೇತುಬಿದ್ದ ಹಾಗೆ ತೋಟದ ಲೆಕ್ಕ ಬರೆಯುವ ರೈಟರು ಅಂಕಿ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವಳ ತಾಯಿಯದು 73.5 ಕೆ.ಜಿ., ಕೆ.ಜಿ.ಗೆ 5 ರೂಪಾಯಿ. ರೈಟರು ಕ್ಯಾಲ್ಕುಲೇಟರಿಗೆ ಕೈ ಹಾಕುವ ಮೊದಲೇ ಹುಡುಗಿ 367 ರೂಪಾಯಿ 50 ಪೈಸೆ ಎಂದಳು. ಮರುದಿನ ಟೀಚರು ಕರೆದು, ಕೂಲಿ ನಾಲ್ಕೂವರೆ ರೂಪಾಯಿ ಆಗಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದರು. ಅವಳು ಮೇಲೆ ನೋಡಿದಳು, ಬೆರಳೂ ಎಣಿಸಲಿಲ್ಲ. 330 ರೂಪಾಯಿ 75 ಪೈಸೆ. ಹೇಗೆ? ನಿನ್ನೆಯದರಲ್ಲಿ ಹತ್ತನೇ ಒಂದು ಪಾಲು ಕಳೆದೆ ಎಂದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥ ಮಗುವಿಗೆಂದೇ ನಮ್ಮ ದೇಶದಲ್ಲಿ ಒಂದು ವ್ಯವಸ್ಥೆ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದ ಜವಾಹರ್ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭೆಯನ್ನು ಹುಡುಕಿ, ಊಟ, ವಸತಿ, ಓದು ಎಲ್ಲವನ್ನೂ ಕೊಟ್ಟು ಬೆಳೆಸಲಿಕ್ಕೆ ಹುಟ್ಟಿದವು. ನಮ್ಮ ಚಿಕ್ಕಮಗಳೂರು ಜಿಲ್ಲೆಯದು ಬಾಳೆಹೊನ್ನೂರಿನ ಬಳಿ ಸೀಗೋಡಿನಲ್ಲಿದೆ. ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಚಿತ್ರಗಳನ್ನು ನೋಡಿ ಉತ್ತರಿಸುವ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳಿಗೆ. ಕನ್ನಡದಲ್ಲೇ ಬರೆಯಬಹುದು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿನ ಬುದ್ಧಿಯೂ ಕಾಣಿಸಿಕೊಳ್ಳಲಿ ಎಂಬ ಕಾಳಜಿ ಈ ಏರ್ಪಾಟಿನಲ್ಲಿ ಇದೆ, ಅದನ್ನು ಮನಸಾರೆ ಒಪ್ಪುತ್ತೇನೆ.

ಟೀಚರು ಅರ್ಜಿ ತುಂಬಲು ಕೂತಾಗ ಎದುರಾದದ್ದು ಒಂದು ಸಾಲು. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ಈ ಹುಡುಗಿ ಮೂರನೇ ಕ್ಲಾಸಿನ ಮೊದಲ ಐದು ತಿಂಗಳು ಓದಿದ್ದು ದಾವಣಗೆರೆ ನಗರದಲ್ಲಿ. ಅಪ್ಪ ಅಲ್ಲಿ ಹಮಾಲಿ ಮಾಡುತ್ತಿದ್ದ. ದೀಪಾವಳಿ ಕಳೆದ ಮೇಲೆ ಹಣ್ಣು ಕುಯ್ಯಲು ಮೇಸ್ತ್ರಿಯ ಜೊತೆ ಘಟ್ಟ ಹತ್ತಿದ ಸಂಸಾರ, ಕೊಯ್ಲು ಮುಗಿದ ಮೇಲೂ ಲೈನ್ ಮನೆಯಲ್ಲೇ ಉಳಿಯಿತು. ಅಂದಿನಿಂದ ಅವಳು ಈ ಶಾಲೆಯವಳು.

ಗ್ರಾಮೀಣ ಅಭ್ಯರ್ಥಿಯಾಗಿದ್ದರೆ ಅವಳಿಗೆ ಆ 60 ಸೀಟುಗಳ ಬಾಗಿಲು ತೆರೆದಿರುತ್ತಿತ್ತು. ನಗರದವಳಾದರೆ ಉಳಿದ 20ರಲ್ಲಿ, ಚಿಕ್ಕಮಗಳೂರು, ತರೀಕೆರೆ, ಕಡೂರು ಪಟ್ಟಣಗಳಲ್ಲಿ ಟ್ಯೂಷನ್ ಪಡೆದ ಮಕ್ಕಳ ಜೊತೆ ಸೆಣಸಬೇಕು. ಇನ್ನೊಂದು ಕಡೆ ನೋಡಿ. ಅದೇ ತರಗತಿಯಲ್ಲಿ ರೈಟರ ಮಗ ಇದ್ದಾನೆ. ಮನೆಯಲ್ಲಿ ಓದಿಸುವವರಿದ್ದಾರೆ, ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಬಂದಿದೆ, ವಾರಕ್ಕೆರಡು ದಿನ ಪೇಟೆಗೆ ಪಾಠಕ್ಕೂ ಹೋಗುತ್ತಾನೆ. ಅವನು ಗ್ರಾಮೀಣ ಅಭ್ಯರ್ಥಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಓದಿದವನೂ ಗ್ರಾಮೀಣನೇ. ಅವರಿಬ್ಬರದೂ ತಪ್ಪಲ್ಲ. ಆದರೆ ಹಳ್ಳಿಯ ಬಡಮಗುವಿನ ಸೀಟನ್ನು ಪೇಟೆಯವರು ಕಸಿಯದಿರಲಿ ಎಂದು ಎಳೆದ ಗೆರೆ, ಊರೂರು ಅಲೆದು ಕೂಲಿ ಮಾಡುವ ಸಂಸಾರದ ಮಗುವನ್ನೇ ಹೊರಗಿಟ್ಟಿತು.

ಶಾಲಾ ದೃಢೀಕರಣ ಪತ್ರಕ್ಕೆ ಸಹಿ ಹಾಕಬೇಕಾದವರು ಟೀಚರು. ಮೂರನೇ ಕ್ಲಾಸಿನ ಇಡೀ ವರ್ಷ ಇಲ್ಲೇ ಓದಿದಳು ಎಂದು ಬರೆದುಬಿಟ್ಟರೆ? ಅವಳ ತಾಯಿಗೆ ಈ ನಿಯಮದ ಗಂಧವೂ ಇಲ್ಲ. ಪಕ್ಕದ ಶಾಲೆಯ ಸಹೋದ್ಯೋಗಿ ಒಬ್ಬರು ಬರೆದುಬಿಡಿ ಎಂದೇ ಹೇಳಿದರು. ಒಳ್ಳೆಯ ಉದ್ದೇಶಕ್ಕೆ ಆಡುವ ಸುಳ್ಳು ಪಾಪವಲ್ಲ ಎಂದರು.

ಬರೆಯಬಾರದು ಎಂಬುದು ನನ್ನ ತೀರ್ಮಾನ. ಸಿಕ್ಕಿಬೀಳುವ ಭಯ ನನ್ನ ಕಾರಣವಲ್ಲ. ಸಿಕ್ಕಿಬೀಳುವುದಂತೂ ಸುಲಭ, ಶಾಲಾ ಮಕ್ಕಳ ಎಸ್‌ಎಟಿಎಸ್ ಆನ್‌ಲೈನ್ ದಾಖಲೆಯಲ್ಲಿ ವರ್ಗಾವಣೆಯ ತಾರೀಖು ಇದ್ದೇ ಇರುತ್ತದೆ, ಸುಳ್ಳು ಹೊರಬಿದ್ದರೆ ಪ್ರವೇಶ ರದ್ದಾಗಿ ಹತ್ತು ವರ್ಷದ ಮಗು ಗಂಟುಮೂಟೆ ಕಟ್ಟಿ ವಾಪಸು ಬರಬೇಕಾಗುತ್ತದೆ. ಇನ್ನೂ ಭಾರದ ಕಾರಣ ಬೇರೆ. ಗ್ರಾಮೀಣ ಪಟ್ಟಿಯಲ್ಲಿ ಇವಳು ಒಳಗೆ ಬಂದರೆ ಕೊನೆಯ ಹೆಸರು ಹೊರಗೆ ಹೋಗುತ್ತದೆ. ಆ ಹೆಸರು ಕೊಪ್ಪದ ಕಡೆಯ ಇನ್ನೊಂದು ಲೈನ್ ಮನೆಯ ಹುಡುಗಿಯದೇ ಆಗಿರಬಹುದು. ಟೀಚರಿಗೆ ಕಾಣುವುದು ಕಣ್ಣೆದುರಿನ ಮುಖ ಮಾತ್ರ. ಕಾಣದ ಮುಖಕ್ಕೆ ಆಗುವ ಅನ್ಯಾಯವನ್ನು ತಡೆಯಲಿಕ್ಕೆ ಆ ಪತ್ರ ಇದೆ, ಅದಕ್ಕೇ ಅದರ ಮೇಲಿನ ಸಹಿಗೆ ಬೆಲೆ.

ಹಾಗೆಂದು ಸತ್ಯ ಬರೆದು ಕೈತೊಳೆದುಕೊಂಡರೆ ಟೀಚರ ಕೆಲಸ ಮುಗಿಯಿತೇ? ಇಲ್ಲ. ವರ್ಗಾವಣೆ ದಾಖಲೆಯ ಪ್ರತಿ ಲಗತ್ತಿಸಿ ಜಿಲ್ಲಾಧಿಕಾರಿಗೆ ಒಂದು ಮನವಿ ಬರೆಯಬೇಕು. ಆಯಾ ಜಿಲ್ಲೆಯ ನವೋದಯದ ಆಡಳಿತ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ನಿಯಮ ಬದಲಿಸುವ ಅಧಿಕಾರ ಅವರಿಗಿಲ್ಲ, ಅದು ನವೋದಯ ವಿದ್ಯಾಲಯ ಸಮಿತಿಯದು. ಆದರೆ ವಲಸೆ ಕೂಲಿಕಾರರ ಮಕ್ಕಳ ವರ್ಗಾವಣೆ ಸರ್ಕಾರದ್ದೇ ದಾಖಲೆಯಲ್ಲಿ ಇರುವಾಗ ಅವರಿಗೆ ಆ ‘ಒಂದು ದಿನ’ದ ಷರತ್ತಿನಿಂದ ವಿನಾಯಿತಿ ಕೊಡಿ ಎಂದು ಶಿಫಾರಸು ಮಾಡಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಕಾಫಿ ಜಿಲ್ಲೆಯಿಂದ ಈ ಮಾತು ಹೋಗದಿದ್ದರೆ ಇನ್ನೆಲ್ಲಿಂದ ಹೋಗಬೇಕು? ಹಿಂದೆ ಬಯಲುಸೀಮೆಯಿಂದ, ಈಗ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಬರುವ ಜನ ಇಲ್ಲದೆ ನಮ್ಮಲ್ಲಿ ಎಷ್ಟೋ ತೋಟಗಳ ಹಣ್ಣು ಗಿಡದಲ್ಲೇ ಒಣಗುತ್ತದೆ.

ಪ್ರಕರಣ ಇಲ್ಲಿಗೆ ನಿಲ್ಲುವುದಿಲ್ಲ. ಅರ್ಜಿ ಹಾಕುವ ಕಾಲವನ್ನೇ ನೋಡಿ. 2025ರ ಪ್ರವೇಶಕ್ಕೆ ಅರ್ಜಿ ತೆರೆದದ್ದು 2024ರ ಜುಲೈಯಲ್ಲಿ, ಅದೂ ಆನ್‌ಲೈನ್‌ನಲ್ಲಿ ಮಾತ್ರ. ಜುಲೈ ಅಂದರೆ ಮಲೆನಾಡಿನ ಶಾಲೆಗಳಿಗೆ ಮಳೆ ರಜೆ, ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ, ಟವರಿಗೆ ಡೀಸೆಲ್ ಮುಗಿದರೆ ನೆಟ್‌ವರ್ಕೂ ಇಲ್ಲ. ಪರೀಕ್ಷೆ ನಡೆದದ್ದು 2025ರ ಜನವರಿ 18, ಶನಿವಾರ. ಕೊಯ್ಲಿನ ನಡುಮಧ್ಯ. ತಾಯಿ ಮಗಳನ್ನು ಕೇಂದ್ರಕ್ಕೆ ಕರೆತರಬೇಕಾದರೆ ವರ್ಷದಲ್ಲೇ ಹೆಚ್ಚು ದುಡಿಯಬಹುದಾದ ದಿನವೊಂದನ್ನು ಬಿಡಬೇಕು. ಇನ್ನು ಕೇಂದ್ರದೊಳಗೆ ಉತ್ತರವನ್ನು ಬಾಲ್‌ಪೆನ್ನಿನಲ್ಲಿ ಒಎಂಆರ್ ಹಾಳೆಯ ವೃತ್ತ ತುಂಬಿ ಗುರುತಿಸಬೇಕು, ಪೆನ್ಸಿಲ್ ಮುಟ್ಟುವಂತಿಲ್ಲ. ಐದನೇ ಕ್ಲಾಸಿನವರೆಗೆ ಪೆನ್ಸಿಲ್ಲಿನಲ್ಲೇ ಬರೆದ ಕೈ, ತಪ್ಪಿದರೆ ಅಳಿಸಲಾಗದ ಹಾಳೆಯ ಮುಂದೆ ಹೇಗೆ ನಡುಗುತ್ತದೆ ಎಂಬುದು ಮಕ್ಕಳಿಗೆ ಪಾಠ ಹೇಳಿದವರಿಗೆಲ್ಲ ಗೊತ್ತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಸಮಯ ಎಂದು ನ್ಯಾಯದ ಮಾತಾಡುತ್ತೇವೆ. ಆ ಕೋಣೆಯೊಳಗೆ ಯಾರು ಬಂದು ಕೂರುತ್ತಾರೆ ಎಂಬುದು ಅದಕ್ಕೆ ಆರು ತಿಂಗಳ ಮೊದಲೇ ತೀರ್ಮಾನವಾಗಿರುತ್ತದೆ.

ಅರ್ಜಿ ಹಾಕಿದವರನ್ನಷ್ಟೇ ಪರೀಕ್ಷಿಸುವುದು ಬೇರೆ, ಇರುವ ಮಕ್ಕಳನ್ನೆಲ್ಲ ನೋಡುವುದು ಬೇರೆ. ಅಮೆರಿಕದ ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಸಿಕ್ಕಿತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾವಂತರ ತರಗತಿಗೆ ಮಕ್ಕಳನ್ನು ಮೊದಲು ತಂದೆತಾಯಿ ಅಥವಾ ಶಿಕ್ಷಕರು ಸೂಚಿಸಬೇಕಿತ್ತು. 2005ರಲ್ಲಿ ಆ ಪದ್ಧತಿ ಬದಲಾಗಿ, ಎರಡನೇ ತರಗತಿಯ ಪ್ರತಿ ಮಗುವಿಗೂ ಮಾತಿನ ಹಂಗಿಲ್ಲದ, ಚಿತ್ರಗಳ ಒಂದು ಸಣ್ಣ ಪರೀಕ್ಷೆಯನ್ನು ಶಾಲೆಯಲ್ಲೇ ಕೊಟ್ಟರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೋ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳು ಆಯ್ಕೆಯಾಗುವ ಪ್ರಮಾಣ ಶೇ. 180ರಷ್ಟು ಹೆಚ್ಚಿತು. ಈ ಮಕ್ಕಳಿಗೆ ಕಟ್ಟುನಿಟ್ಟಿನ ಅಂಕವನ್ನೇನೂ ಹೊಸದಾಗಿ ಸಡಿಲಿಸಿರಲಿಲ್ಲ. ಅದೇ ಮಕ್ಕಳು ಅದೇ ಊರಲ್ಲಿ ಮೊದಲೂ ಇದ್ದರು, ಅವರ ಪರವಾಗಿ ಬಾಯಿ ತೆರೆಯುವವರು ಇರಲಿಲ್ಲ, ಅಷ್ಟೇ. ಮುಂದೆ ಹಣದ ಮುಗ್ಗಟ್ಟಿನಲ್ಲಿ ಆ ಪರೀಕ್ಷೆ ನಿಂತಾಗ ಲಾಭವೂ ಕರಗಿಹೋಯಿತು.

ನಮ್ಮ ಜಿಲ್ಲೆಗೆ ಇಂಥ ಪರೀಕ್ಷೆ ದೊಡ್ಡ ಖರ್ಚಿನ ಬಾಬತ್ತಲ್ಲ. ನಾಲ್ಕನೇ ತರಗತಿಯ ಪ್ರತಿ ಮಗುವಿಗೂ ಶಾಲೆಯ ದಿನದಲ್ಲೇ, ಅದರದೇ ಬೆಂಚಿನಲ್ಲಿ ಅರ್ಧ ಗಂಟೆಯ ಚಿತ್ರ–ಅಂಕಿಗಳ ಒಂದು ಅಭ್ಯಾಸ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಹಾಳೆ ತಲುಪಿಸಿ ವಾಪಸು ತರಬಲ್ಲರು. ಮನೆಯಲ್ಲಿ ತುಳು, ತಮಿಳು, ಲಂಬಾಣಿ ಆಡುವ ಮಕ್ಕಳಿಗೂ ಅದು ತೊಡಕಾಗದು. ಪ್ರತಿ ಶಾಲೆಯಲ್ಲೂ ಮೇಲೆ ಬಂದವರನ್ನು ಅದೇ ಬಗೆಯ ಶಾಲೆಗಳ ಮಕ್ಕಳ ಜೊತೆ ಹೋಲಿಸಬೇಕು, ಇಬ್ಬರೇ ಟೀಚರಿರುವ ಶಾಲೆಯ ಮಗುವನ್ನು ಚಿಕ್ಕಮಗಳೂರು ಪೇಟೆಯ ಮಗುವಿನ ಜೊತೆಯಲ್ಲ. ಆಮೇಲೆ ಟೀಚರ ಮಾತನ್ನೂ ಕೇಳಬೇಕು. ತೂಕದ ಸಾಲಿನಲ್ಲಿ ಕಂಡದ್ದು ಯಾವ ಒಎಂಆರ್ ಹಾಳೆಯಲ್ಲೂ ಕಾಣುವುದಿಲ್ಲ.

ಟೀಚರಿಗೆ ಇನ್ನೊಂದು ಇಕ್ಕಟ್ಟೂ ಇತ್ತು. ಸಂಜೆ ಅವರಿಗೆ ಮಿಗುವುದು ಒಂದೇ ಗಂಟೆ. ರೈಟರು ಬಂದು, ಮಗನಿಗೆ ಸ್ವಲ್ಪ ನೋಡಿಕೊಳ್ಳಿ ಮೇಡಂ ಎಂದಿದ್ದರು. ಆ ಗಂಟೆ ಬೇರೆ ಗಂಟೆಯೇ ಇಲ್ಲದವಳಿಗೆ ಸಲ್ಲಬೇಕು. ಹುಡುಗನೂ ಬಂದು ಕೂರಲಿ, ಬೇಡವೆನ್ನುವುದು ಬೇಡ. ಪಾಠ ಮಾತ್ರ ಅವಳ ನಡೆಯನ್ನು ನೋಡಿ ಸಾಗಲಿ. ತಾಯಿಯ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಿಲ್ಲ. “ಅವ್ಳು ಹಾಸ್ಟೆಲಿಗೆ ಹೋದ್ರೆ ಸಣ್ಣೋನ್ನ ಯಾರು ನೋಡ್ಕೋತಾರ್ರೀ ಮೇಡಂ?” ಎಂದು ಆ ತಾಯಿ ಕೇಳಿದರೆ ಅದು ಅಜ್ಞಾನದ ಮಾತಲ್ಲ. ಪುಟ್ಟ ಮಗನನ್ನು ಕೆಲಸದ ಹೊತ್ತಿನಲ್ಲಿ ನೋಡಿಕೊಳ್ಳುವವರು ಇಲ್ಲ ಎಂಬ ಕಾರಣಕ್ಕೆ ಹತ್ತು ವರ್ಷದ ಅಕ್ಕನ ಓದು ನಿಲ್ಲುತ್ತದೆ ಎಂದಾದರೆ, ತೋಟದ ಹತ್ತಿರದ ಅಂಗನವಾಡಿ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ತೂಕ ಮುಗಿಯುವವರೆಗೂ ತೆರೆದಿರುವುದು ಪ್ರತಿಭಾ ಶೋಧದ್ದೇ ಭಾಗ.

ಆಯ್ಕೆಯಾಗದ ಮಕ್ಕಳ ಮಾತೇನು? 1990ರಲ್ಲಿ ಆಚಾರ್ಯ ರಾಮಮೂರ್ತಿ ಸಮಿತಿ ನವೋದಯಗಳನ್ನು ಪ್ರಶ್ನಿಸಿದ್ದು ಈ ಚಿಂತೆಯಿಂದಲೇ, ಕೆಲವೇ ಮಕ್ಕಳಿಗೆ ಸವಲತ್ತು ಕೊಟ್ಟು ಉಳಿದ ಶಾಲೆಗಳನ್ನು ಮರೆಯುವುದು ಸರಿಯೇ ಎಂದು. ಆ ಪ್ರಶ್ನೆಗೆ ಇವತ್ತಿಗೂ ತೂಕವಿದೆ. ಜಿಲ್ಲೆಗೆ 80 ಸೀಟು ಇದ್ದರೆ 81ನೇ ಮಗುವಿನ ಬುದ್ಧಿ ಕಡಿಮೆಯದೇನಲ್ಲ. ನಮ್ಮಲ್ಲೇ ಹುಟ್ಟಿದ ಒಂದು ದಾರಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಆರಂಭವಾದ ನಲಿ–ಕಲಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ, ಮುಂದೆ ಹೋದವಳನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಮೂರನೇ ತರಗತಿಗೆ ಅದು ಮುಗಿಯುತ್ತದೆ. ನಾಲ್ಕರಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಗಣಿತದಲ್ಲಾದರೂ ಆ ಏಣಿಯನ್ನು ಏಳನೇ ತರಗತಿಯವರೆಗೆ ಮುಂದುವರಿಸಿದರೆ ಲೈನ್ ಮನೆಯ ಹುಡುಗಿ ಸೀಗೋಡಿಗೆ ಹೋಗದೆಯೂ ಬೆಳೆಯುತ್ತಾಳೆ.

ಅವಳ ಮುಂದೆ ಇನ್ನೊಂದು ಬಾಗಿಲಿದೆ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ. ಅದು ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅಲ್ಲಿ ನಗರ–ಗ್ರಾಮದ ಆ ಒಂದು ದಿನದ ಲೆಕ್ಕ ಅವಳಿಗೆ ಅಡ್ಡ ಬರುವುದಿಲ್ಲ. ಆದರೆ ಆ ಹೊತ್ತಿಗೆ ಅವಳು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿರುತ್ತಾಳೆ. ಅಲ್ಲಿನ ಮೇಷ್ಟ್ರಿಗೆ ಇವಳು ಯಾರೆಂದು ಗೊತ್ತಿರುವುದಿಲ್ಲ. ವರ್ಗಾವಣೆ ಪತ್ರದಲ್ಲಿ ಜಾತಿ, ಜನ್ಮ ದಿನಾಂಕ ಎಲ್ಲ ಹೋಗುತ್ತದೆ, ಹತ್ತನೇ ಒಂದು ಪಾಲು ಕಳೆಯುವ ಉಪಾಯವನ್ನು ತಾನೇ ಕಂಡುಕೊಂಡ ಮಗು ಎಂಬುದು ಹೋಗುವುದಿಲ್ಲ. ಅದನ್ನು ಟೀಚರೇ ಕೈಬರಹದಲ್ಲಿ ಒಂದು ಹಾಳೆಯಲ್ಲಿ ಬರೆದು ಮುಂದಿನ ಶಾಲೆಗೆ ಕಳಿಸಬೇಕು.

ಈ ವರ್ಷದ ನವೋದಯದ ಅರ್ಜಿಯಲ್ಲಿ ಟೀಚರು ನಗರ ಎಂದೇ ಗುರುತು ಹಾಕಲಿ, ಮನವಿ ಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೂಲಕ ಜಿಲ್ಲಾಧಿಕಾರಿಗೆ ಕಳಿಸಲಿ, ಹುಡುಗಿಯ ಕೈಗೆ ಬಾಲ್‌ಪೆನ್ ಕೊಟ್ಟು ಇವತ್ತಿನಿಂದಲೇ ವೃತ್ತ ತುಂಬಿಸಲಿ. ಜಿಲ್ಲಾ ಪಂಚಾಯಿತಿಯವರು ಬರುವ ಜೂನ್ ಮೊದಲ ವಾರ, ಮಳೆ ಹಿಡಿಯುವ ಮೊದಲೇ, ಪ್ರತಿ ಕ್ಲಸ್ಟರಿನಲ್ಲೂ ಒಂದು ದಿನದ ಶಿಬಿರ ಮಾಡಿ ಐದನೇ ತರಗತಿಯ ಮಕ್ಕಳೆಲ್ಲರ ಆಧಾರ್, ಫೋಟೋ, ವಾಸಸ್ಥಳದ ದಾಖಲೆಗಳನ್ನು ಸಿದ್ಧಪಡಿಸಿಡಲಿ, ಅರ್ಜಿ ತೆರೆದ ದಿನ ನೆಟ್‌ವರ್ಕ್ ಇರುವ ಕಚೇರಿಯಲ್ಲಿ ಕೂತು ಎಲ್ಲರದನ್ನೂ ತುಂಬಲಿ. ಪರೀಕ್ಷೆಯ ದಿನ ತೋಟದ ಮಾಲೀಕರು ಆ ಮಕ್ಕಳ ತಾಯಂದಿರಿಗೆ ಸಂಬಳಸಹಿತ ರಜೆ ಕೊಡಲಿ, ಜೀಪನ್ನೂ ಕಳಿಸಲಿ.