ಕಲೆ ಮತ್ತು ಬಿತ್ತನೆಯ ಬೀಜ

ಕಲಾವಿದನು ತನ್ನ ವಿದ್ಯೆಯಿಂದ ಜೀವನೋಪಾಯವನ್ನು ಮಾಡಿಕೊಳ್ಳಬಹುದೇ? ಮಾಡಿಕೊಂಡಲ್ಲಿ ಆ ವಿದ್ಯೆಯು ಮಾರಾಟದ ವಸ್ತುವಾಗುವುದಿಲ್ಲವೇ? ಪ್ರಶ್ನೆಯು ಪುರಾತನವಾದುದು. ಮಳವಳ್ಳಿ ಸೀಮೆಯ ಬಂಡೂರಿನಂತಹ ಗ್ರಾಮಗಳ ಬೇಸಾಯಗಾರನ ನಡೆಯಲ್ಲಿ ಇದಕ್ಕೊಂದು ಉತ್ತರವಿದೆ. ಬೆಳೆದ ರಾಗಿಯನ್ನು ಅವನು ಸಂತೆಗೆ ಒಯ್ಯುತ್ತಾನೆ, ಅದರಲ್ಲಿ ದೋಷವಿಲ್ಲ. ಬಿತ್ತನೆಗೆಂದು ತೆಗೆದಿರಿಸಿದ ರಾಗಿಯನ್ನು ಮಾತ್ರ ಕಷ್ಟಕಾಲದಲ್ಲಿಯೂ ಮಾರಲೊಲ್ಲನು.

ಚಲನಚಿತ್ರ ನಿರ್ದೇಶಕ ಜಿ. ವಿ. ಅಯ್ಯರ್ ಅವರ ಬಾಳು ಈ ನ್ಯಾಯಕ್ಕೆ ಉತ್ತಮ ನಿದರ್ಶನ. 1917ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿ, ಚಲನಚಿತ್ರಗಳಲ್ಲಿ ನಟರಾಗಿ, ಗೀತರಚನಕಾರರಾಗಿ, ಸಂಭಾಷಣಕಾರರಾಗಿ, ನಿರ್ಮಾಪಕರಾಗಿ ದುಡಿದರು. ಜನರು ಮೆಚ್ಚುವ ಚಿತ್ರಗಳನ್ನು ರಚಿಸಿ ಜೀವಿಸಿದುದು ಕಾಳಿನ ವ್ಯಾಪಾರ, ಅದೂ ಕಾಯಕವೇ. ಆದರೆ ಐವತ್ತೆಂಟನೆಯ ವಯಸ್ಸಿನಲ್ಲಿ, 1975ರಲ್ಲಿ, ತ. ರಾ. ಸು. ಅವರ ಕಾದಂಬರಿಯನ್ನು ಆಧರಿಸಿ ‘ಹಂಸಗೀತೆ’ಯನ್ನು ತೆರೆಗೆ ತಂದರು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನು ಅರಸನ ಬಲವಂತಕ್ಕೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಕಥೆಯದು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ನಾಲಗೆಯೊಡನೆ ನಾದವೂ ಅಳಿಯಿತಲ್ಲವೇ? ಬೀಜವನ್ನು ಮಾರದಿರುವುದು ಸರಿ, ಸುಟ್ಟುಬಿಡುವುದು ಸರಿಯೇ?

ಇದೇ ಸಂಕಟವನ್ನು ರಷ್ಯದ ಪ್ರಸಿದ್ಧ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿ (1932–1986) ಬೇರೊಂದು ಬಗೆಯಲ್ಲಿ ಪರಿಶೀಲಿಸಿದನು. 1966ರಲ್ಲಿ ಸಿದ್ಧವಾದ ಅವನ ‘ಆಂದ್ರೇ ರುಬ್ಲ್ಯೋವ್’ ಚಿತ್ರವು ಸ್ವದೇಶದಲ್ಲಿ ಬಿಡುಗಡೆಯಾಗಲು 1971ರವರೆಗೆ ಕಾಯಬೇಕಾಯಿತು. ಅದರ ನಾಯಕನು ದೇವಚಿತ್ರಗಳನ್ನು ಬರೆಯುವ ಸಂನ್ಯಾಸಿ. ದಂಡೆತ್ತಿ ಬಂದವರ ಕ್ರೌರ್ಯವನ್ನು ಕಂಡು, ಒಬ್ಬಾಕೆಯನ್ನು ರಕ್ಷಿಸಲು ತಾನೂ ಕೊಲೆಗೈದು, ಅವನು ಕುಂಚವನ್ನೂ ಮಾತನ್ನೂ ತ್ಯಜಿಸುತ್ತಾನೆ. ಕಡೆಗೆ, ಎರಕದ ರಹಸ್ಯವನ್ನರಿಯದ ಬಾಲಕನೊಬ್ಬನು ಶ್ರದ್ಧೆಯೊಂದರಿಂದಲೇ ಮಹಾಘಂಟೆಯನ್ನು ಎರಕ ಹೊಯ್ಯುತ್ತಾನೆ. ಘಂಟಾನಾದವು ಜನರನ್ನು ಹರ್ಷಗೊಳಿಸಿದಾಗ ಸಂನ್ಯಾಸಿಯ ಮೌನ ಮುರಿಯುತ್ತದೆ.

ಈ ಎರಡು ಕಥೆಗಳೂ ಸೇರಿದಲ್ಲಿ ಧರ್ಮವು ಪೂರ್ಣವಾಗುತ್ತದೆ. ಬಲಾತ್ಕಾರಕ್ಕೆ ಬಗ್ಗದಿರುವುದು ಕಲೆಯ ಶೀಲ. ಲೋಕಕ್ಕೆ ಮರಳಿ ಒಪ್ಪಿಸುವುದು ಕಲೆಯ ದಾಸೋಹ. ಮೊದಲನೆಯದು ಮಾತ್ರವೇ ಉಳಿದರೆ ಬೀಜವು ಗುಡಾಣದಲ್ಲಿಯೇ ಹುಳು ಹಿಡಿಯುವುದು.

ಅಯ್ಯರ್ ಅವರು ಬೀಜವನ್ನು ಬಿತ್ತಿದರು. ಸಂಸ್ಕೃತದಲ್ಲಿ ಚಲನಚಿತ್ರವನ್ನು ನೋಡುವವರೆಷ್ಟು ಮಂದಿ ಎಂದು ಎಣಿಸದೆ, 1983ರಲ್ಲಿ ಆ ಭಾಷೆಯ ಪ್ರಥಮ ಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನು ರಚಿಸಿದರು. ಅದಕ್ಕೆ ಹಣವಿತ್ತುದು ಸರ್ಕಾರದ ಚಲನಚಿತ್ರ ನಿಗಮ. ಅನ್ನವು ಅರಮನೆಯಿಂದ ಬಂದ ಮಾತ್ರಕ್ಕೆ ಕಲೆಯು ಕೆಡದು. ಅಂತರಂಗದ ಆಜ್ಞೆಯನ್ನು ಬಿಟ್ಟು ಅನ್ಯರ ಆಜ್ಞೆಗೆ ಹಾಡಿದಾಗ ಕೆಡುವುದು. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಅದು ಫಲ, ಬಿತ್ತುವಾಗ ಲೆಕ್ಕಕ್ಕೆ ಬಂದುದಲ್ಲ.

ಬರಿಗಾಲಿನ ನಿರ್ದೇಶಕರೆಂದು ಹೆಸರಾಗಿದ್ದ ಅವರು 2003ರಲ್ಲಿ ತೀರಿಕೊಂಡರು. ವಿದ್ಯೆಯುಳ್ಳ ಪ್ರತಿಯೊಬ್ಬನೂ, ಶಿಕ್ಷಕನಾಗಲಿ ಶಿಲ್ಪಿಯಾಗಲಿ, ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇಷ್ಟೇ: ಸಂತೆಗೆ ಒಯ್ದ ಚೀಲದಲ್ಲಿರುವುದು ಕಾಳೋ, ಬೀಜವೋ? ಮನೆಯಲ್ಲಿ ಉಳಿದ ಬೀಜವು ಹೊಲವನ್ನು ಕಂಡಿತೋ, ಇಲ್ಲವೋ?