ಸರಿದೂಗಿದ ಸುಳ್ಳು

ಆಮ್ಲ ಬೆರೆಸಿದ ಪರ್ಮಾಂಗನೇಟ್ ದ್ರಾವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ನೇರಳೆ ಬಣ್ಣ ಹೋಗಿ ಆಮ್ಲಜನಕದ ಗುಳ್ಳೆ ಏಳುತ್ತದೆ. ಸಮೀಕರಣ ಸರಿದೂಗಿಸಿ ಎಂದರೆ ಪಿಯುಸಿ ಹುಡುಗ 2 ಪರ್ಮಾಂಗನೇಟಿಗೆ 5 ಪೆರಾಕ್ಸೈಡ್ ಎಂದು ಬರೆದು ಅಂಕ ಗಿಟ್ಟಿಸುತ್ತಾನೆ. ಆ 5ರ ಜಾಗದಲ್ಲಿ 3 ಹಾಕಿ ನೋಡಿ. ಎಡಕ್ಕೆ 6 ಹೈಡ್ರೋಜನ್ ಅಯಾನು, ಬಲಕ್ಕೆ 2 ಮ್ಯಾಂಗನೀಸ್ ಅಯಾನು, ಆಮ್ಲಜನಕದ 4 ಅಣು, ನೀರಿನ 6 ಅಣು. ಪರಮಾಣುಗಳೂ ಕೂಡುತ್ತವೆ, ಆವೇಶವೂ ಕೂಡುತ್ತದೆ. 1 ಹಾಕಿದರೂ ಕೂಡುತ್ತದೆ, 7 ಹಾಕಿದರೂ ಕೂಡುತ್ತದೆ. ಎಲ್ಲವೂ ಸರಿದೂಗಿದವೇ, ನಿಜವಾದದ್ದು ಒಂದೇ.

ಎಲೆಕ್ಟ್ರಾನು ಎಣಿಸಿದರೆ ಗೊಂದಲ ಮುಗಿಯಿತಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುತ್ತದೆ, ಪ್ರತಿ ಪೆರಾಕ್ಸೈಡ್ 2 ಎಲೆಕ್ಟ್ರಾನು ಕೊಡುತ್ತದೆ, ಆದ್ದರಿಂದ 5. ಒಪ್ಪಿದೆ. ಆದರೆ ಈ ಎಣಿಕೆ, ಗುಳ್ಳೆಯಾಗಿ ಬಂದ ಆಮ್ಲಜನಕವೆಲ್ಲ ಪೆರಾಕ್ಸೈಡಿನದೇ ಎಂದು ಮೊದಲೇ ನಂಬಿಕೊಂಡಿದೆ. ಅದು ನಿಜವೂ ಹೌದು. ಗೊತ್ತಾದದ್ದು ಮಾತ್ರ ಕಾಗದದ ಮೇಲಲ್ಲ. ಆಮ್ಲಜನಕ-18 ಎಂಬ ಭಾರದ ಪರಮಾಣುವನ್ನು ಗುರುತಾಗಿ ಸೇರಿಸಿ, ಅದು ಎಲ್ಲಿ ಹೊರಬಂತೆಂದು ಪ್ರಯೋಗಶಾಲೆಯಲ್ಲಿ ನೋಡಿದ್ದರಿಂದ. ಅಲ್ಲದೆ ಆ +7 ಅನ್ನುವುದೂ ಲೆಕ್ಕಪುಸ್ತಕದ ಅನುಕೂಲವೇ. ಪರ್ಮಾಂಗನೇಟಿನ ಮ್ಯಾಂಗನೀಸಿನ ಮೇಲೆ ಅಷ್ಟು ಆವೇಶ ನಿಜಕ್ಕೂ ಕೂತಿರುವುದಿಲ್ಲ.

ಏನು ಹುಟ್ಟಿತೆಂದು ತಿಳಿದ ಮೇಲೆ ಎಷ್ಟು ಹುಟ್ಟಿತೆಂದು ಲೆಕ್ಕ ಹೇಳುತ್ತದೆ. ಏನು ಹುಟ್ಟೀತು ಎಂಬುದು ಅದರ ಕೈಗೆ ಸಿಗದ ಪ್ರಶ್ನೆ.

ಗೋವೆಯ ಝುವಾರಿನಗರದಲ್ಲಿ ಈ ಪ್ರಶ್ನೆಯ ಎರಡು ಮುಖಗಳೂ ಅಕ್ಕಪಕ್ಕದಲ್ಲಿವೆ. ಒಂದೆಡೆ 1970ರ ದಶಕದಿಂದ ಯೂರಿಯಾ ಮಾಡುತ್ತ ಬಂದ ಕಾರ್ಖಾನೆ, ಇನ್ನೊಂದೆಡೆ ಲೆಕ್ಕ ಕಲಿಸುವ, 2004ರಲ್ಲಿ ಶುರುವಾದ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್. ಯೂರಿಯಾಕ್ಕೆ ಬೇಕಾದ ಅಮೋನಿಯಾವನ್ನೇ ನೋಡಿ. ಸಾರಜನಕ, ಜಲಜನಕ ಕೂಡಿದರೆ ಸಾರಜನಕ ಸೊನ್ನೆಯಿಂದ −3ಕ್ಕೆ ಇಳಿದು ಅಮೋನಿಯಾ ಆಗಬೇಕು. ಕೋಣೆಯ ಉಷ್ಣತೆಯಲ್ಲೂ ಆಗಬಹುದು ಎನ್ನುತ್ತದೆ, ವಸ್ತುಗಳ ಶಕ್ತಿಯನ್ನು ಪಟ್ಟಿಮಾಡಿದ ಕೋಷ್ಟಕ. ಆದರೆ ಎರಡನ್ನೂ ಬೆರೆಸಿ ವರ್ಷಗಟ್ಟಲೆ ಇಟ್ಟರೂ ಏನೂ ಆಗದು. ಕಬ್ಬಿಣದ ಕ್ರಿಯಾವರ್ಧಕ, 400 ಡಿಗ್ರಿ ಮೀರಿದ ಕಾವು, ನೂರಾರು ವಾಯುಭಾರದ ಒತ್ತಡ ಇರಬೇಕು.

ಆ ಅಮೋನಿಯಾವನ್ನು ಸುಡುವುದು ಇನ್ನೂ ಸ್ವಾರಸ್ಯದ ಸಂಗತಿ. ಆಮ್ಲಜನಕದಲ್ಲಿ ಸುಮ್ಮನೆ ಉರಿಸಿದರೆ ಸಾರಜನಕ ಮತ್ತು ನೀರು. ಕಾದ ಪ್ಲಾಟಿನಂ ಜಾಲರಿಯ ಮೂಲಕ ಸರ್ರನೆ ಹಾಯಿಸಿದರೆ ನೈಟ್ರಿಕ್ ಆಕ್ಸೈಡ್; ನೈಟ್ರಿಕ್ ಆಮ್ಲದ ಉದ್ಯಮ ನಿಂತಿರುವುದೇ ಇದರ ಮೇಲೆ. ಕೋಷ್ಟಕದ ಒಲವು ಸಾರಜನಕದ ಕಡೆಗೇ. ಜಾಲರಿಯ ಮೇಲೆ ಗೆಲ್ಲುವುದು ವೇಗ. ಸಮೀಕರಣದ ಎಡಬದಿಯಲ್ಲಿ ಎರಡು ಸಲವೂ ಅವೇ ಹೆಸರುಗಳು.

ಹಾಗೆಂದು ಕೋಷ್ಟಕವನ್ನು ಹೀಗಳೆಯುವ ಮಾತಲ್ಲ ಇದು. ಯಾವುದು ಆಗಲಾರದೆಂದು ಅದು ಖಚಿತವಾಗಿ ಹೇಳುತ್ತದೆ, ಆ ಉಪಕಾರ ಸಣ್ಣದಲ್ಲ. ಎಲ್ಲವನ್ನೂ ಗಣಿಸುವ ಯಂತ್ರ ನಾಳೆ ಬಂದೀತು ಎನ್ನುವವರಿದ್ದಾರೆ, ಬರಲಿ. ಜಾಲರಿ ಇದೆಯೇ, ಕಾವು ಎಷ್ಟು, ಎಷ್ಟು ಹೊತ್ತು ಎಂದು ಅದಕ್ಕೂ ಯಾರಾದರೂ ಹೇಳಲೇಬೇಕು. ಉತ್ಪನ್ನ ವಸ್ತುವಿನೊಳಗೆ ಬಚ್ಚಿಟ್ಟುಕೊಂಡಿಲ್ಲ, ಅರ್ಧ ಸಂದರ್ಭದಲ್ಲಿದೆ ಎಂಬುದೇ ನನ್ನ ವಾದ.

ಹೊಲದಲ್ಲೂ ಇದೇ ಕಥೆ. ಗಾಳಿಯಾಡುವ ಮಣ್ಣಿನಲ್ಲಿ ಯೂರಿಯಾದ ಸಾರಜನಕವನ್ನು ಬ್ಯಾಕ್ಟೀರಿಯಾಗಳು −3ರಿಂದ +5ಕ್ಕೆ ಏರಿಸಿ ನೈಟ್ರೇಟ್ ಮಾಡುತ್ತವೆ. ನೀರು ನಿಂತ ಗದ್ದೆಯ ಆಳದಲ್ಲಿ ಉಸಿರಾಡಲು ಆಮ್ಲಜನಕ ಸಿಗದ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನೇ ಉಸಿರಾಡಿ ಸಾರಜನಕದ ಅನಿಲವಾಗಿಸುತ್ತವೆ. ಅಷ್ಟು ಕಾವು, ಒತ್ತಡ ಹಾಕಿ ಗಾಳಿಯಿಂದ ಹಿಡಿದು ತಂದದ್ದು ಮರಳಿ ಗಾಳಿಗೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಸವರುವುದು ಕಡ್ಡಾಯವಾಯಿತು. ಆ ಎಣ್ಣೆ ಯೂರಿಯಾದ ಅಣುವನ್ನು ಮುಟ್ಟುವುದಿಲ್ಲ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೈ ಕೊಂಚ ನಿಧಾನಿಸುತ್ತದೆ, ಅಷ್ಟರಲ್ಲಿ ಭತ್ತದ ಬೇರು ತನ್ನ ಪಾಲು ಎಳೆದುಕೊಳ್ಳುತ್ತದೆ.