ಸಾಕ್ಷಿ ಸಹಿ

ಸೇಡಂ ಬಳಿಯ ನಮ್ಮ ಕೋಡ್ಲಾದಲ್ಲಿ ಯಾರ ಮನೆಯ ಕಾಗದಪತ್ರ ನೋಡಬೇಕೆಂದರೂ ಮಂಚದ ಕೆಳಗಿನ ಟ್ರಂಕು ಎಳೆಯಬೇಕು. ಹೋದ ಭಾನುವಾರ ಪಕ್ಕದ ಮನೆಯ ಟ್ರಂಕು ಹೊರಗೆ ಬಂತು. ಪಡಸಾಲೆಯ ಪರ್ಸಿ ಕಲ್ಲಿನ ಮೇಲೆ ಮನೆಸಾಲದ ಹಾಳೆಗಳನ್ನು ಹರವಿಕೊಂಡು ಕೂತಿದ್ದೆವು. ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಗಂಡ ಹೆಂಡತಿ ಕೇಳುತ್ತಿದ್ದರು. ಅರ್ಜಿಯಲ್ಲಿ ‘ಇತರ ಆದಾಯ’ ಎಂಬಲ್ಲಿ ಎರಡು ಎಮ್ಮೆಗಳ ಹಾಲಿನ ದುಡ್ಡು ಬರೆದಿತ್ತು. ಆಕೆ ನನ್ನ ಮುಖ ನೋಡಿದಳು. “ನಮ್ಮ ಮನ್ಯಾಗ ಎಮ್ಮಿ ಎಲ್ಲಿ ಅವ್ರಿ, ಮಾಸ್ತರ?”

ಎಮ್ಮೆ ಇರಲಿಲ್ಲ. ಎರಡೆಕರೆ ತೊಗರಿಯ ಇಳುವರಿಯನ್ನೂ ನಮ್ಮ ಭೂಮಿ ಎಂದೂ ಕೊಡದಷ್ಟು ತೋರಿಸಿದ್ದರು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ತಿಂಗಳಿಗೆ ಹದಿನೆಂಟು ಸಾವಿರ ಕೈಗೆ ಬಂದರೆ ಹೆಚ್ಚು. ಆ ದುಡಿಮೆಗೆ ಅಷ್ಟು ಸಾಲ ಹುಟ್ಟುವುದಿಲ್ಲವೆಂದು ಗೊತ್ತಿದ್ದ ಏಜೆಂಟ್ ಕಾಗದದ ಮೇಲೆ ಎಮ್ಮೆ ಕಟ್ಟಿದ್ದ. ಸಾಲ 10 ಲಕ್ಷ, ಬಡ್ಡಿ ಶೇ. 14, ಅವಧಿ 20 ವರ್ಷ, ತಿಂಗಳ ಕಂತು 12,435 ರೂಪಾಯಿ. ಕೊನೆಯ ಕಂತಿನ ಹೊತ್ತಿಗೆ ಕಟ್ಟುವುದು 29,84,400 ರೂಪಾಯಿ ಎಂದು ಲೆಕ್ಕ ಮಾಡಿ ಹೇಳಿದೆ. ಅದೇ ಸಾಲವನ್ನು 10 ವರ್ಷಕ್ಕೆ ತೆಗೆದುಕೊಂಡಿದ್ದರೆ ಕಂತು ಮೂರು ಸಾವಿರ ಹೆಚ್ಚಾಗುತ್ತಿತ್ತು, ಆದರೆ ಒಟ್ಟು ಮೊತ್ತ 19 ಲಕ್ಷ ಮುಟ್ಟುತ್ತಿರಲಿಲ್ಲ. ಆ ಕಂತು ಈ ಮನೆಗೆ ಇನ್ನೂ ಭಾರ, ಅಂದರೆ ಸಾಲವೇ ಈ ಮನೆಯ ಅಳತೆಯದಲ್ಲ. ಮತ್ತೆ 10 ಲಕ್ಷದೊಳಗೆ 40 ಸಾವಿರ ವಿಮೆಯ ಹಣ ಸೇರಿತ್ತು. ವಿಮೆ ಮಾಡಿಸದಿದ್ದರೆ ಸಾಲ ಮಂಜೂರಾಗುವುದಿಲ್ಲ ಅಂದಿದ್ದರಂತೆ. ಹಾಗೆ ಯಾವ ನಿಯಮವೂ ಇಲ್ಲ. ಸಾಲದಲ್ಲಿ ಬೆರೆತ ಆ 40 ಸಾವಿರಕ್ಕೆ 20 ವರ್ಷದಲ್ಲಿ ಸುಮಾರು 1 ಲಕ್ಷ 19 ಸಾವಿರ ತೆರಬೇಕು. ಬೇಡದ ಪಾಲಿಸಿಯನ್ನು ಕೈಸೇರಿದ 30 ದಿನದೊಳಗೆ ಮರಳಿಸುವ ಅವಕಾಶವಿತ್ತು. ಆ ಪಾಲಿಸಿ ಟ್ರಂಕಿನ ತಳದಲ್ಲಿ ಲಕೋಟೆ ಒಡೆಯದೆ ಇತ್ತು.

ಕೊನೆಯ ಹಾಳೆಗೆ ಬಂದಾಗ ನನ್ನ ದನಿ ನಿಂತಿತು. ಸಾಕ್ಷಿಯ ಸಾಲಿನಲ್ಲಿ ನನ್ನದೇ ಸಹಿ ಇತ್ತು. ಹೋದ ವರ್ಷ ಯುಗಾದಿ ಮುಂದೆ ಏಜೆಂಟನನ್ನು ಕರೆದುಕೊಂಡು ಆಕೆಯ ಗಂಡ ನಮ್ಮ ಬಾಗಿಲಿಗೆ ಬಂದಿದ್ದ. ಎಲ್ಲಿ ಬರೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಕಟ್ಟೆಯ ಮೇಲೆ ನಿಂತೇ ಸಹಿ ಹಾಕಿ, ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದ್ದೆ. ನೆರೆಯವನಿಗೆ ಉಪಕಾರ ಮಾಡಿದೆನೆಂಬ ಸಮಾಧಾನವೂ ಆಗಿತ್ತು. ಒಂದು ಸಾಲನ್ನೂ ಓದಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವನು ನಾನು. ಓದಿದ್ದರೆ ಎಮ್ಮೆಗಳು ಅಂದೇ ಕಣ್ಣಿಗೆ ಬೀಳುತ್ತಿದ್ದವು.

ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಇದನ್ನು ನಾವು ದೂರದಿಂದ ಕಲಿಯಬೇಕಾಗಿಲ್ಲ. ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ನಮ್ಮ ಜಿಲ್ಲೆ ಹೆಮ್ಮೆಪಡುತ್ತದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವನ್ನು ಆಸ್ತಿಯ ಪಾಲಿನ ಗ್ರಂಥವೆಂದಷ್ಟೇ ಬಲ್ಲವರು ಹೆಚ್ಚು. ಅದರಲ್ಲಿ ಸಾಲಕ್ಕೆಂದೇ ಋಣಾದಾನ ಎಂಬ ಪ್ರಕರಣವಿದೆ. ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು ಬಡ್ಡಿ, ಅಂದರೆ ವರ್ಷಕ್ಕೆ ಶೇ. 15. ಪತ್ರದ ಕೊನೆಗೆ ಸಾಲಗಾರ ತನಗೆ ಒಪ್ಪಿಗೆಯೆಂದು ಸ್ವಹಸ್ತದಿಂದ ಬರೆಯಬೇಕು; ಅಕ್ಷರ ಬಾರದವನಾದರೆ ಸಾಕ್ಷಿಗಳ ಎದುರು ಬೇರೊಬ್ಬರಿಂದ ಬರೆಸಬೇಕು. ಕೊಟ್ಟ ಹಣವನ್ನು ಆಗಾಗ ಪತ್ರದ ಬೆನ್ನಿಗೆ ಬರೆಯಬೇಕು, ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಬಲಾತ್ಕಾರದಿಂದ ಅಥವಾ ಮೋಸದಿಂದ ಮಾಡಿಸಿದ ಪತ್ರ ಪ್ರಮಾಣವೇ ಅಲ್ಲ. ಆ ಸ್ಮೃತಿಯಲ್ಲಿ ಇಂದು ನಾವು ಒಪ್ಪಲಾಗದ ಮಾತುಗಳೂ ಇವೆ, ವರ್ಣಕ್ಕೊಂದು ಬಡ್ಡಿಯ ದರ ಹೇಳುವ ಕಡೆಯಂತೂ ಒಪ್ಪಲೇಬಾರದು. ಆದರೆ ಪತ್ರ ಮಾಡುವ ಹೊತ್ತಿನಲ್ಲಿ ಸಾಲಗಾರ ಒಂಟಿಯಾಗಿರಬಾರದು ಎಂಬ ಎಚ್ಚರ ಅಲ್ಲಿದೆ. ಕಟ್ಟೆಯ ಮೇಲೆ ನಿಂತು ನಾನು ಕಳೆದುಕೊಂಡದ್ದು ಆ ಎಚ್ಚರವನ್ನು.

ಇವತ್ತಿನ ನಿಯಮವೂ ಬೇರೆ ಮಾತು ಹೇಳುವುದಿಲ್ಲ. 2024ರ ಅಕ್ಟೋಬರ್ 1ರಿಂದ ಮನೆಸಾಲವೂ ಸೇರಿದಂತೆ ಎಲ್ಲ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶ ಪತ್ರ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆಂದು ಅದರಲ್ಲಿ ಇರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹೇರುವಂತಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಪತ್ರ ಕೊಟ್ಟ ಮೇಲೆ ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಬಿಡಬೇಕೆಂಬ ಮಾತು. ಮೂರು ದಿನದಲ್ಲಿ ಒಂದು ಸಂಜೆ ಪಕ್ಕದ ಮನೆಗೆ ಹೋಗಿ ಬರಬಹುದು. ‘ಇವತ್ತೇ ಸಹಿ ಮಾಡಿ, ನಾಳೆ ಈ ಬಡ್ಡಿ ಸಿಗುವುದಿಲ್ಲ’ ಎಂದು ಯಾರಾದರೂ ಅವಸರ ಮಾಡಿದರೆ ಆ ಸಂಜೆಯನ್ನು ಅವರು ನಮ್ಮಿಂದ ಕಸಿಯುತ್ತಿದ್ದಾರೆ.

ಪಕ್ಕದ ಮನೆಯವರದು ಈಗ ನಾಲ್ಕು ಕಂತು ಬಾಕಿ. ಮೊದಲ ಬಾಕಿ ಮುಚ್ಚಲು ಆಕೆ ಸಂಘದ ಸಾಲ ತೆಗೆದಿದ್ದಾಳೆ, ಅದರ ವಾರದ ಕಂತಿಗೆ ಕಿವಿಯೋಲೆ ಹೋಗಿದೆ. ಇದಿಷ್ಟೂ ಗೋಡೆಯಾಚೆ ನಡೆದಿದೆ, ನಮಗೆ ಸುಳಿವೇ ಇಲ್ಲ. 2025ರ ಆರಂಭದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಸಾಲದವರಿಗೆ ಅಂಜಿ ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಓದಿದ್ದೆವು. ಆ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು. ಅವರೂ ಹೀಗೆಯೇ ಮೊದಲು ಮಾತು ನಿಲ್ಲಿಸಿರಬೇಕು, ಆಮೇಲೆ ಬೀಗ ಹುಡುಕಿರಬೇಕು. “ದಿವಾಳಿ ಅಂತ ಬರಕೊಟ್ಟರ ಮನಿ ಉಳೀತದೇನ್ರಿ?” ಎಂದು ಗಂಡ ಕೇಳಿದ. ತಾಂಡೂರ ಕಡೆಯ ತೆಲುಗರು ಅದಕ್ಕೆ ‘ಐಪಿ’ ಅನ್ನುತ್ತಾರೆ, ಅಲ್ಲಿ ಯಾರೋ ಹೇಳಿರಬೇಕು. ಸಾಮಾನ್ಯ ಮನುಷ್ಯ ದಿವಾಳಿ ಅರ್ಜಿ ಹಾಕುವುದು ಇಂದಿಗೂ 1920ರ ಹಳೆಯ ಕಾಯ್ದೆಯಡಿ, ಜಿಲ್ಲಾ ನ್ಯಾಯಾಲಯದಲ್ಲಿ. 2016ರ ಹೊಸ ಸಂಹಿತೆಯ ಆ ಭಾಗ ನಮ್ಮಂಥವರಿಗೆ ಇನ್ನೂ ಜಾರಿಯಾಗಿಲ್ಲ. ಆದರೆ ದಿವಾಳಿಯಾದರೂ ಒತ್ತೆ ಇಟ್ಟ ಮನೆಯ ಮೇಲೆ ಸಾಲ ಕೊಟ್ಟವರಿಗಿರುವ ಹಕ್ಕು ಹೋಗುವುದಿಲ್ಲ ಎಂದು ಹೇಳಬೇಕಾಯಿತು. ಹಿಂದೆ ಸಾಲ ತೀರಿಸಲಾಗದ ವ್ಯಾಪಾರಿ ಹಾಡಹಗಲೇ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನಂತೆ, ದಿವಾಳಿ ಎಂಬ ಮಾತು ಅದರಿಂದಲೇ ಬಂತೆಂದು ಹಿರಿಯರು ಹೇಳುವುದುಂಟು. ಆ ದೀಪವನ್ನು ನಾಚಿಕೆಯ ಗುರುತೆಂದೇ ತಿಳಿದಿದ್ದೆ. ಹೆಂಡತಿ ಸಂಘದ ಸಾಲದ ಪಾಸ್‌ಬುಕ್ಕನ್ನೂ ತಂದು ನಮ್ಮ ಮುಂದಿಟ್ಟಾಗ ಬೇರೆ ತೋರಿತು. ಸಾಲ ಹತ್ತು ಜನರ ಕಣ್ಣಿಗೆ ಬಿದ್ದ ಮೇಲಲ್ಲವೇ ನಾಲ್ವರು ಹಿರಿಯರು ಕೂತು ಬಗೆಹರಿಸುವುದು.

ದಾರಿಗಳು ಪೂರಾ ಮುಚ್ಚಿಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಪಡಿಸಿಕೊಳ್ಳುವ ಮೊದಲು 60 ದಿನಗಳ ನೋಟಿಸ್ ಕೊಡಬೇಕು. ನಾವು ಬರೆದ ಆಕ್ಷೇಪಕ್ಕೆ 15 ದಿನದಲ್ಲಿ ಉತ್ತರಿಸಬೇಕು. ತೊಗರಿಯ ಹೊಲವನ್ನು ಆ ಕಾಯ್ದೆ ಮುಟ್ಟುವಂತಿಲ್ಲ. ಸಾಲ ಕೊಟ್ಟ ಕಂಪನಿ 30 ದಿನದಲ್ಲಿ ದೂರಿಗೆ ಸರಿಯಾಗಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಗೃಹಸಾಲದ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಇದೆ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. 15100ಕ್ಕೆ ಫೋನು ಮಾಡಿದರಾಯಿತು. ಈ ಸಾಲದಲ್ಲಿ ಆಕೆಯೂ ಸಹ-ಅರ್ಜಿದಾರಳೆಂಬುದು ಆಕೆಗೆ ತಿಳಿದದ್ದು ಆ ಭಾನುವಾರವೇ. “ನಾನೇ ಫೋನ್ ಹಚ್ತೀನಿ” ಅಂದಳು.

ಅಂದು ಸಂಜೆ ಕಂಪನಿಗೆ ಕನ್ನಡದಲ್ಲಿ ಒಂದು ಪತ್ರ ಬರೆದೆವು. ನಿಜವಾದ ದುಡಿಮೆ ಎಷ್ಟು, ಎಮ್ಮೆಗಳನ್ನು ಬರೆದವರು ಯಾರು, ವಿಮೆಗೆ ಒಪ್ಪಿಗೆ ಪಡೆದದ್ದು ಯಾವಾಗ, ತಿಂಗಳಿಗೆ ಎಷ್ಟಾದರೆ ತಪ್ಪದೆ ಕಟ್ಟಬಲ್ಲೆವು. ಗಂಡ ಹೇಳಿದ, ಹೆಂಡತಿ ಎರಡು ಕಡೆ ತಿದ್ದಿಸಿದಳು, ನಾನು ಬರೆದೆ. ಬರೆದಾದ ಮೇಲೆ ಮೊದಲಿಂದ ಕೊನೆಯವರೆಗೆ ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿ, ಅವರ ಸಹಿಯ ಕೆಳಗೆ ಸಾಕ್ಷಿ ಎಂದು ನನ್ನ ಸಹಿ ಹಾಕಿದೆ. ಸೋಮವಾರ ಬೆಳಿಗ್ಗೆ ಆಕೆಯೇ ಸೇಡಂಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ತಂದು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಾಳೆ.